ಮುಂಬಯಿಯ ಮಾರ್ನಿಂಗ್ ಗ್ಲೋರಿಗಳು: ಗುರುತು ಹಿಡಿಯುವ ವಿದ್ಯೆಯ ಎರಡು ಶತಮಾನ

ಮಳೆಗಾಲ ಮುಗಿಯುತ್ತ ಬಂದಂತೆ ಮುಂಬಯಿಯ ರೈಲುಹಳಿಗಳ ಬೇಲಿ, ಆರೆಯ ಪೊದೆಗಳು, ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚುಗಳೆಲ್ಲ ನೀಲಿ, ನೇರಳೆ, ಗುಲಾಬಿ ಬಣ್ಣದ ತುತ್ತೂರಿ ಹೂಗಳಿಂದ ತುಂಬುತ್ತವೆ. ಎಲ್ಲಕ್ಕೂ ಮಾರ್ನಿಂಗ್ ಗ್ಲೋರಿ ಎಂಬ ಒಂದೇ ಹೆಸರು ಸಾಕೆನಿಸಬಹುದು. ಆದರೆ ಅವುಗಳಲ್ಲಿ ಐಪೊಮಿಯ ಜಾತಿಯ ಹಲವು ಪ್ರಭೇದಗಳೂ ಅದರ ಹತ್ತಿರದ ನಂಟರೂ ಬೆರೆತಿವೆ. ಇವನ್ನು ಬೇರ್ಪಡಿಸುವ ವಿದ್ಯೆ ಬೆಳೆದ ದಾರಿಯನ್ನು ಗಮನಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಕಣ್ಸೆಳೆಯುವ ಲಕ್ಷಣವನ್ನು ಬಿಟ್ಟು, ಹುಡುಕಿ ನೋಡಬೇಕಾದ ಲಕ್ಷಣವನ್ನು ನಂಬಿದಾಗಲೆಲ್ಲ ಗುರುತು ಗಟ್ಟಿಯಾಗಿದೆ. ಹೂವಿನ ಬೆನ್ನಿಗಿರುವ ಐದು ಹಸಿರು ಪುಷ್ಪಪತ್ರಗಳಿಗೆ ಇಂದಿಗೂ ಸಲ್ಲಬೇಕಾದ ಮನ್ನಣೆ ಸಿಕ್ಕಿಲ್ಲ.

1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಬಳ್ಳಿಗಳನ್ನು ಹೂವಿನ ಶಲಾಕಾಗ್ರದ (ಪರಾಗ ಅಂಟುವ ತುದಿಯ) ಮೇಲೆ ವಿಂಗಡಿಸಿದ: ಎರಡಾಗಿ ಸೀಳಿದ್ದರೆ ಕನ್ವಾಲ್ವುಲಸ್, ಗುಂಡಗಿದ್ದರೆ ಐಪೊಮಿಯ. 1833ರಲ್ಲಿ ಷ್ವಾಜಿ ಅಂಡಾಶಯದ ಕೋಣೆಗಳನ್ನು ಎಣಿಸಿ, ಮೂರು ಕೋಣೆಯ ಬಳ್ಳಿಗಳಿಗೆ ಫಾರ್ಬಿಟಿಸ್ ಎಂಬ ಬೇರೆ ಜಾತಿಯನ್ನೇ ಕಟ್ಟಿದ. ಮುಂಬಯಿಯ ಸಸ್ಯಗಳ ಮೊದಲ ದೊಡ್ಡ ಪಟ್ಟಿ ಬಂದದ್ದು 1839ರಲ್ಲಿ. ಅದನ್ನು ಬರೆದ ಜಾನ್ ಗ್ರಹಾಂ ಪುಸ್ತಕ ಹೊರಬರುವ ಮೊದಲೇ ತೀರಿಕೊಂಡರು. ಉಳಿದ ಕೆಲಸವನ್ನು ಜೋಸೆಫ್ ನಿಮ್ಮೊ ಪೂರೈಸಿದರು. 1861ರಲ್ಲಿ ಡಾಲ್ಜೆಲ್ ಮತ್ತು ಗಿಬ್ಸನ್, 1901ರಿಂದ 1908ರವರೆಗೆ ಥಿಯೊಡೋರ್ ಕುಕ್ ಮುಂಬಯಿ ಪ್ರಾಂತ್ಯದ ಸಸ್ಯಸಂಪತ್ತನ್ನು ವಿವರಿಸಿದರು. ಈ ನಡುವೆ 1893ರಲ್ಲಿ ಹಾನ್ಸ್ ಹಾಲಿಯರ್ ಪರಾಗದ ಕಣವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಐಪೊಮಿಯದ ಪರಾಗಕ್ಕೆ ಮುಳ್ಳುಗಳಿವೆ, ಅದರ ನಂಟ ಜಾತಿಯಾದ ಮೆರೀಮಿಯದ್ದು ನುಣುಪು ಎಂದು ತೋರಿಸಿದ. ಬಣ್ಣವನ್ನಾಗಲಿ ಎಲೆಯನ್ನಾಗಲಿ ನೆಚ್ಚದ ಈ ಗೆರೆ ಇಂದಿಗೂ ಅಳಿಸಿಲ್ಲ.

ಜಾತಿಗಳ ನಡುವೆ ಗೆರೆ ಎಳೆದಷ್ಟು ಸುಲಭವಾಗಿ ಪ್ರಭೇದಗಳ ನಡುವೆ ಎಳೆಯಲಾಗಲಿಲ್ಲ. ಗೌರಿಬೀಜದ ಬಳ್ಳಿಯ, ಅಂದರೆ ಐಪೊಮಿಯ ನಿಲ್‌ನ, ಕಥೆಯೇ ಇದಕ್ಕೆ ಸಾಕ್ಷಿ. ಇದರ ಬೀಜ 'ಕಾಳಾದಾಣಾ' ಎಂಬ ಹೆಸರಿನಲ್ಲಿ ವಿರೇಚಕವಾಗಿ ಬಳಕೆಯಲ್ಲಿದೆ. ಆದ್ದರಿಂದ ಗುರುತು ತಪ್ಪುವುದು ಬರಿಯ ಪಂಡಿತರ ತಕರಾರಲ್ಲ. ಹೂಕರ್ ಸಂಪಾದಿಸಿದ ಬ್ರಿಟಿಷ್ ಇಂಡಿಯಾದ ಸಸ್ಯಗ್ರಂಥದಲ್ಲಿ ಸಿ. ಬಿ. ಕ್ಲಾರ್ಕ್ ಇದನ್ನು ಐಪೊಮಿಯ ಹೆಡರೇಸಿಯ ಎಂದು ಕರೆದರು. ಆ ಹೆಸರು ಭಾರತದ ಪುಸ್ತಕಗಳಲ್ಲಿ ಬಹುಕಾಲ ಉಳಿಯಿತು. ನಿಜವಾದ ಹೆಡರೇಸಿಯ ಅಮೆರಿಕದ್ದು. ಅದರ ಪುಷ್ಪಪತ್ರದ ತುದಿ ತಟ್ಟನೆ ಸಪೂರವಾಗಿ ಹೊರಕ್ಕೆ ಬಾಗುತ್ತದೆ. ನಮ್ಮ ಬೇಲಿಯ ಐಪೊಮಿಯ ನಿಲ್‌ನಲ್ಲಿ ಅದು ಮೆಲ್ಲಮೆಲ್ಲನೆ ಚೂಪಾಗಿ ಬಹುಮಟ್ಟಿಗೆ ನೇರವಾಗಿರುತ್ತದೆ, ಬುಡದಲ್ಲಿ ಬಿರುಸಾದ ರೋಮಗಳಿರುತ್ತವೆ. ಅದೇ ಜಾತಿಯ ಪರ್ಪ್ಯೂರಿಯದ ಪುಷ್ಪಪತ್ರ ಗಿಡ್ಡ, ಎಳೆದಂಥ ತುದಿ ಅದಕ್ಕಿಲ್ಲ. ಬಹುವಾರ್ಷಿಕವಾದ ಇಂಡಿಕಾದಲ್ಲಿ ಬಿರುಸು ರೋಮವಿಲ್ಲ. ಇದ್ದರೆ ಒತ್ತಿಕೊಂಡ ಮೃದು ರೋಮ ಮಾತ್ರ. ಈ ಗುಂಪಿನ ಹೆಸರುಗಳ ಗೋಜಲನ್ನು 1986ರಲ್ಲಿ ಡೇನಿಯಲ್ ಆಸ್ಟಿನ್ ಪರಿಶೀಲಿಸಿ ಬಿಡಿಸಿದರು.

ಪುಷ್ಪಪತ್ರವನ್ನು ಹೀಗೆ ನಂಬುವುದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಒಣಗಿಸಿದ ಸಸ್ಯಗಳನ್ನು ಕಾಪಿಡುವ ಹರ್ಬೇರಿಯಂನ ಹಾಳೆಯಲ್ಲಿ ಹೂದಳ ಮುದುಡಿ ಬಣ್ಣ ಮಾಸುತ್ತದೆ, ಪುಷ್ಪಪತ್ರ ಉಳಿಯುತ್ತದೆ. ಹಾಗಾದರೆ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂನಂಥ ಸಂಗ್ರಹಗಳಲ್ಲಿ ದುಡಿದವರು ಕೈಗೆ ಸಿಕ್ಕಿದ್ದನ್ನೇ ಮುಖ್ಯವೆಂದು ಸಾರಿದರೇ? ಉತ್ತರ ಸಿಗುವುದು ಬೇರೆಡೆ, ಜಪಾನಿನಲ್ಲಿ. ಅಲ್ಲಿ ಶತಮಾನಗಳಿಂದ ಬೆಳೆಸಿಕೊಂಡು ಬಂದ ಐಪೊಮಿಯ ನಿಲ್‌ನಲ್ಲಿ ಬಿಳಿ, ಕೆಂಪು, ನೀಲಿ, ಪಟ್ಟೆ ಎಲ್ಲವೂ ಇವೆ. ಎಲೆಯ ಆಕಾರವೂ ನಾನಾ ಬಗೆ. ಜಾಗ ಬದಲಿಸುವ ಡಿಎನ್‌ಎ ತುಣುಕುಗಳು ವಂಶವಾಹಿಗಳನ್ನು ಕೆಡಿಸಿದ್ದರಿಂದ ಇವುಗಳಲ್ಲಿ ಅನೇಕ ರೂಪಗಳು ಹುಟ್ಟಿದವೆಂದು ಸಂಶೋಧನೆ ತೋರಿಸಿದೆ. 2016ರಲ್ಲಿ ಇದರ ಪೂರ್ಣ ಜೀನೋಮ್ ಕೂಡ ಪ್ರಕಟವಾಯಿತು. ಇನ್ನು ಐಪೊಮಿಯ ಟ್ರೈಕಲರ್‌ನ ಮೊಗ್ಗು ನೇರಳೆಗೆಂಪು, ಅರಳಿದ ಹೂ ನೀಲಿ. ದಳದ ಕೋಶರಸದ ಪಿಎಚ್ 6.6ರಿಂದ 7.7ಕ್ಕೇರುವುದೇ ಇದಕ್ಕೆ ಕಾರಣ. ಒಂದೇ ಹೂವಿನಲ್ಲಿ ಹೀಗೆ ಬದಲಾಗುವ ಬಣ್ಣ ಪ್ರಭೇದದ ಗುರುತಾಗುವುದು ಹೇಗೆ? ಆದರೆ ಎಲೆಯನ್ನು ಪೂರಾ ತಳ್ಳಿಹಾಕುವಂತಿಲ್ಲ: ಗೋರಾಯಿ, ಅಕ್ಸಾದ ಮರಳಿನ ಅಡುಂಬು ಬಳ್ಳಿಯ ಸೀಳಿದ ತುದಿ, ಕಾಮಲತೆಯ ಗರಿಯಂಥ ಎಲೆ, ರೈಲ್ವೆ ಕ್ರೀಪರಿನ ಐದು ಬೆರಳು ನೋಡಿದೊಡನೆ ಹೆಸರು ಹೇಳುತ್ತವೆ. ಹೃದಯದಾಕಾರದ ಇಲ್ಲವೆ ಮೂರು ಹಾಲೆಯ ಎಲೆ ಬಂದಾಗ ಮಾತ್ರ ಪುಷ್ಪಪತ್ರದ ಮೊರೆ ಹೋಗಲೇಬೇಕು.

ಡಿಎನ್‌ಎ ಬಂದ ಮೇಲೆ ಭೂತಗನ್ನಡಿ ಬೇಕೇ ಎಂಬುದು ಇನ್ನೊಂದು ಪ್ರಶ್ನೆ. 2002ರಿಂದೀಚಿನ ಅಧ್ಯಯನಗಳು ಅಲುಗಾಡಿಸಿದ್ದು ಹೆಚ್ಚಾಗಿ ಜಾತಿಗಳ ಮೇರೆಗಳನ್ನು. ಮೆರೀಮಿಯ ಒಡೆಯಿತು, 2017ರಲ್ಲಿ ಸಿಮೋಯಿಷ್ ಮತ್ತು ಸ್ಟೇಪಲ್ಸ್ ಅದು ಸೇರಿದ್ದ ಜಾತಿಗಳ ಗುಂಪನ್ನೇ (ಬುಡಕಟ್ಟನ್ನೇ) ವಿಸರ್ಜಿಸಿದರು. ಹಳದಿ ಹೂವಿನ ಮೆರೀಮಿಯ ವಿಟಿಫೋಲಿಯ ಈಗ ಕಮೋನಿಯ ವಿಟಿಫೋಲಿಯ. ಇನ್ನೊಂದು ನಂಟ ಜಾತಿಯಾದ ಆರ್ಜೀರಿಯವನ್ನೂ ಐಪೊಮಿಯದೊಳಗೆ ಸೇರಿಸಬೇಕೆಂಬ ವಾದ 2019ರಲ್ಲಿ ಎದ್ದಿದೆ, ಅದಕ್ಕೆ ವಿರೋಧವೂ ಇದೆ. ಹೆಸರುಗಳು ಹೀಗೆ ಬದಲಾದರೆ ಕಲಿತು ಫಲವೇನು ಎನ್ನುವವರು ಒಂದು ವ್ಯತ್ಯಾಸ ಗಮನಿಸಬೇಕು. ವಿಟಿಫೋಲಿಯಕ್ಕೆ ಹೆಸರು ಬದಲಾಯಿತು, ಗಿಡ ಅದೇ; ಹೆಡರೇಸಿಯದ ವಿಷಯದಲ್ಲಿ ಗಿಡವನ್ನೇ ತಪ್ಪು ತಿಳಿಯಲಾಗಿತ್ತು. ಮೊದಲನೆಯದನ್ನು ಪ್ರಯೋಗಾಲಯ ತೀರ್ಮಾನಿಸಲಿ, ಎರಡನೆಯದನ್ನು ತಪ್ಪಿಸುವುದು ಬಳ್ಳಿಯ ಮುಂದೆ ನಿಂತವರ ಕೈಯಲ್ಲೇ ಇದೆ. ಇಂದು ಮೊಬೈಲಿನಲ್ಲಿ ತೆಗೆಯುವ ಚಿತ್ರಗಳಲ್ಲಿ ಹೆಚ್ಚಾಗಿ ಹೂವಿನ ಮುಖ ಮಾತ್ರ ಕಾಣುತ್ತದೆ. ಅಂಥ ಚಿತ್ರದಿಂದ ನಿಲ್, ಇಂಡಿಕಾ, ಪರ್ಪ್ಯೂರಿಯಗಳನ್ನು ಯಾವ ಆ್ಯಪ್ ಕೂಡ ಭರವಸೆಯಿಂದ ಬೇರ್ಪಡಿಸಲಾರದು. ಆದ್ದರಿಂದ ಮುಂಬಯಿಯ ಹೂಬಳ್ಳಿಗಳನ್ನು ದಾಖಲಿಸುವ ಪ್ರತಿಯೊಬ್ಬರೂ ಹೂವನ್ನು ತಿರುಗಿಸಿ ಪುಷ್ಪಪತ್ರದ, ಜೊತೆಗೆ ಎಲೆ ಮತ್ತು ಕಾಯಿಯ ಚಿತ್ರವನ್ನೂ ತೆಗೆದಿಡಲಿ. ಮುಂದೆ ಹೆಸರು ಎಷ್ಟು ಬದಲಾದರೂ ಆ ದಾಖಲೆ ಉಪಯೋಗಕ್ಕೆ ಬರುತ್ತದೆ.