ಗೇಣಿದಾರರ ಶಾಸಕ ಶಾಂತವೇರಿ ಗೋಪಾಲಗೌಡ: ಮೂರು ಸಲ ಗೆದ್ದರು, ಒಮ್ಮೆಯೂ ಮಂತ್ರಿಯಾಗಲಿಲ್ಲ

ಶಿವಮೊಗ್ಗದಲ್ಲಿ ಗೋಪಾಲಗೌಡ ಬಡಾವಣೆ ಇದೆ. ಬೆಂಗಳೂರಲ್ಲಿ ವಿಧಾನಸೌಧದ ಹತ್ತಿರ ಗೋಪಾಲಗೌಡ ವೃತ್ತ ಇದೆ. ದಿನಾ ಆ ಹೆಸರು ಹೇಳಿಕೊಂಡು ಓಡಾಡುವವರಲ್ಲಿ ಅವರು ಯಾರೆಂದು ಬಲ್ಲವರು ಈಗ ಕಡಿಮೆ.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲು ಕಂಡರು. ಆಮೇಲೆ ಸಮಾಜವಾದಿ ಪಕ್ಷ ಸೇರಿದರು.

ಅವರ ಹೆಸರು ಮಲೆನಾಡಿನಾಚೆ ಕೇಳಿಬಂದಿದ್ದು ಕಾಗೋಡು ಸತ್ಯಾಗ್ರಹದಿಂದ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗಲಾಟೆ ಶುರುವಾಗಿದ್ದು ಒಂದು ಕೊಳಗದಿಂದ. ಗೇಣಿ ಭತ್ತ ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದು. ಅದರಲ್ಲಿ ಅಳೆದರೆ ಗೇಣಿದಾರನಿಗೆ ಪ್ರತಿ ಸಲವೂ ನಷ್ಟ. ಬಹುಪಾಲು ದೀವರ ಸಮುದಾಯದವರಾಗಿದ್ದ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ತಿರುಗಿ ನಿಂತರು. ಗದ್ದೆ ಬಿಡಿಸಿದಾಗ ನೇಗಿಲು ಹಿಡಿದು ಮತ್ತೆ ಗದ್ದೆಗಿಳಿದರು, ಬಂಧನಕ್ಕೊಳಗಾದರು. ಗೋಪಾಲಗೌಡರು ಮತ್ತು ಅವರ ಸಂಗಡಿಗರು ಇದನ್ನು ಪಕ್ಷದ ಹೋರಾಟವಾಗಿಸಿದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಒಂದು ಸಣ್ಣ ಹಳ್ಳಿಯ ಭತ್ತದ ಅಳತೆ ದೇಶದ ಸುದ್ದಿಯಾಗಿದ್ದು ಹೀಗೆ.

ಮರುವರ್ಷವೇ ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಗೆದ್ದರು. ವಯಸ್ಸಿನ್ನೂ 30 ದಾಟಿರಲಿಲ್ಲ, ಕೈಯಲ್ಲಿ ದುಡ್ಡಿರಲಿಲ್ಲ, ಎದುರಿಗಿದ್ದದ್ದು ಕಾಂಗ್ರೆಸ್. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು ಮತ್ತೆ ಸದನಕ್ಕೆ ಬಂದರು.

ಕೂತಿದ್ದು ಯಾವಾಗಲೂ ವಿರೋಧ ಪಕ್ಷದ ಸಾಲಿನಲ್ಲೇ. ಸದನದಲ್ಲಿ ಅವರು ಬಿಡದೆ ಹಿಡಿದ ವಿಷಯಗಳಲ್ಲಿ ಎರಡು ಮುಖ್ಯ. ಒಂದು, ಉಳುವವನಿಗೇ ಭೂಮಿ ಸಿಗಬೇಕು. ಇನ್ನೊಂದು, ರಾಜ್ಯಕ್ಕೆ ಮೈಸೂರು ಅನ್ನೋ ಹೆಸರು ಸಾಕು, ಕರ್ನಾಟಕ ಎಂದಾಗಬೇಕು. 1961ರಲ್ಲಿ ಭೂಸುಧಾರಣಾ ಕಾಯ್ದೆ ಬಂತು ನಿಜ. ಆದರೆ ಸ್ವಂತ ಸಾಗುವಳಿ ಮಾಡ್ತೀನಿ ಅಂತ ಹೇಳಿ ಒಡೆಯ ಜಮೀನು ವಾಪಸ್ ಪಡೆಯಲು ಅದರಲ್ಲಿ ದಾರಿ ಇತ್ತು. ಗೇಣಿದಾರನ ಭಯ ಹೋಗಲಿಲ್ಲ.

ಅನಾರೋಗ್ಯ ಅವರನ್ನು ಬೇಗ ಕುಗ್ಗಿಸಿತು. 1972ರ ಜೂನ್ 9ರಂದು, 49ನೇ ವಯಸ್ಸಿನಲ್ಲಿ ತೀರಿಕೊಂಡರು. ಮೂರು ಬಾರಿ ಶಾಸಕರಾದರೂ ಆಸ್ತಿ ಅಂತ ಮಾಡಿದವರಲ್ಲ. ಹೆಂಡತಿ ಸೋನಕ್ಕ ಮುಂದೆ ಮನೆ ನಡೆಸಬೇಕಾಗಿತ್ತು.

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ದೇವರಾಜ ಅರಸು ಸರ್ಕಾರದ ತಿದ್ದುಪಡಿ ಕಾನೂನು ಜಾರಿಯಾದದ್ದು 1974ರ ಮಾರ್ಚ್ 1ರಂದು. ಗೇಣಿ ಪದ್ಧತಿ ರದ್ದಾಯಿತು, ಭೂ ನ್ಯಾಯಮಂಡಳಿಗಳು ಬಂದವು, ರೈತರು ಫಾರಂ ನಂಬರ್ 7 ಹಿಡಿದು ಸಾಲು ನಿಂತರು. ಎರಡನ್ನೂ ಗೋಪಾಲಗೌಡರು ನೋಡಲಿಲ್ಲ. ಒಂದಕ್ಕೆ ಒಂದೂವರೆ ವರ್ಷ, ಇನ್ನೊಂದಕ್ಕೆ ಎರಡು ವರ್ಷ ಕೂಡ ತುಂಬದ ಅಂತರ.

ಯು.ಆರ್. ಅನಂತಮೂರ್ತಿ ಅವರ 'ಅವಸ್ಥೆ' ಕಾದಂಬರಿಯ ಕೃಷ್ಣಪ್ಪಗೌಡನಿಗೆ ಇವರ ಬದುಕೇ ಪ್ರೇರಣೆ. ಅದು ಸಿನಿಮಾ ಕೂಡ ಆಯಿತು. ನಾಯಕನಾಗಿ ಅನಂತ್ ನಾಗ್ ನಟಿಸಿದರು. ಕಾದಂಬರಿ ಕಾದಂಬರಿಯೇ, ಅದನ್ನು ಜೀವನಚರಿತ್ರೆ ಅಂದುಕೊಳ್ಳಬಾರದು.

ಅವರ ಗರಡಿಯಲ್ಲಿ ಬೆಳೆದ ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್ ಮುಂದೆ ಬೇರೆ ಬೇರೆ ದಾರಿ ಹಿಡಿದರೂ ಇಬ್ಬರೂ ಮುಖ್ಯಮಂತ್ರಿಗಳಾದರು. ಸತ್ಯಾಗ್ರಹದ ಊರಿನವರೇ ಆದ ಕಾಗೋಡು ತಿಮ್ಮಪ್ಪ 2016ರಲ್ಲಿ ಕಂದಾಯ ಸಚಿವರಾದರು. ವಾಸಿಸುವವನೇ ಮನೆಯೊಡೆಯ ಎಂಬ ತಿದ್ದುಪಡಿ ಬಂದದ್ದು ಅವರ ಕಾಲದಲ್ಲಿ.