ಉಪ ಅಂದರೆ ಎಷ್ಟು ಕಮ್ಮಿ?

ವಯನಾಡಿನ ಕಲ್ಪೆಟ್ಟದಲ್ಲಿ ಅಧ್ಯಕ್ಷರು ಹುಟ್ಟುವುದು ಊಟಕ್ಕೆ ಮುಂಚೆ, ಉಪಾಧ್ಯಕ್ಷರು ಹುಟ್ಟುವುದು ಊಟ ಆದ ಮೇಲೆ. ಕೇರಳದ ಪಂಚಾಯತಿಗಳ ಪದ್ಧತಿಯೇ ಹಾಗೆ. ಜನ ಆರಿಸಿ ಕಳಿಸಿದ ಸದಸ್ಯರು ಗೊತ್ತಾದ ದಿನ ಸಭೆ ಸೇರಿ ಬೆಳಗ್ಗೆ ಅಧ್ಯಕ್ಷರನ್ನು ಆರಿಸುತ್ತಾರೆ, ಮಧ್ಯಾಹ್ನ ಉಪಾಧ್ಯಕ್ಷರನ್ನು. ಗುಟ್ಟಿನ ಮತದಾನವೂ ಅಲ್ಲ. ಮತ ಹಾಕಿದವರು ಮತಪತ್ರದ ಹಿಂಬದಿಯಲ್ಲಿ ಹೆಸರು ಬರೆದು ಸಹಿ ಮಾಡಬೇಕು. ಗೆಲುವಿನ ಖುಷಿಯಲ್ಲಿ ಸಹಿ ಮರೆತವರ ಮತ ಅಸಿಂಧುವಾಗಿ, ಸ್ವಂತ ಪಕ್ಷದವರ ಬೈಗುಳ ತಿಂದ ಸುದ್ದಿ ಆ ರಾಜ್ಯದ ಪತ್ರಿಕೆಗಳಿಗೆ ಹೊಸದಲ್ಲ.

ನನಗೆ ಕುತೂಹಲವಿರುವುದು ನಡುವಿನ ಆ ಎರಡು ಮೂರು ತಾಸಿನ ಬಗ್ಗೆ. ಬೆಳಗ್ಗೆ ಯಾರು ಗೆದ್ದರು ಎಂಬುದು ಖಚಿತವಾಗಿರುತ್ತದೆ. ಈಗ ಅವರ ಪಕ್ಕಕ್ಕೆ ಯಾರು? ಕಾನೂನು ಒಂದು ಮಾತು ಹೇಳಿಬಿಟ್ಟಿದೆ: ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗದ ಕಡೆ ಉಪಾಧ್ಯಕ್ಷ ಸ್ಥಾನ ಮಹಿಳೆಗೆ. ಮಿತ್ರಪಕ್ಷದ ಲೆಕ್ಕ ಇನ್ನೊಂದು ಮಾತು ಹೇಳುತ್ತದೆ: ಅಧ್ಯಕ್ಷರು ಕಾಂಗ್ರೆಸ್ಸಿನವರಾದರೆ ಉಪ ಮುಸ್ಲಿಂ ಲೀಗಿನವರು, ಅಥವಾ ತಿರುಗಾಮುರುಗಾ. ಕೆಲವು ಕಡೆ ಲೆಕ್ಕವೂ ಕೈಕೊಡುತ್ತದೆ. 2020ರ ಡಿಸೆಂಬರ್‌ನಲ್ಲಿ ವಯನಾಡು ಜಿಲ್ಲಾ ಪಂಚಾಯತಿಯ 16 ಸ್ಥಾನಗಳಲ್ಲಿ ಐಕ್ಯರಂಗಕ್ಕೆ 8, ಎಡರಂಗಕ್ಕೆ 8 ಬಂದು ಕೂತವು. ಚೀಟಿ ಎತ್ತಿದರು. ಕಾಂಗ್ರೆಸ್ಸಿನ ಸಂಷಾದ್ ಮರಕ್ಕಾರ್ ಅಧ್ಯಕ್ಷರಾದರು. ಮಲಯಾಳದಲ್ಲಿ ಇದಕ್ಕೆ ನರುಕ್ಕೆಡುಪ್ಪ್ ಎನ್ನುತ್ತಾರೆ, ಲಾಟರಿಗೂ ಅದೇ ಮಾತು.

ಅಮೆರಿಕದವರು ಈ ಪಕ್ಕದವರ ಆಯ್ಕೆಯನ್ನು ದೊಡ್ಡ ಯಾಗದ ಹಾಗೆ ಮಾಡುತ್ತಾರೆ. ವಕೀಲರ ತಂಡ ಕೂತು ಆದಾಯ ತೆರಿಗೆ, ಹಳೆಯ ಭಾಷಣ, ಕುಟುಂಬದ ಜಾತಕ ಎಲ್ಲ ಜಾಲಾಡುತ್ತದೆ. 2024ರಲ್ಲಿ ಟ್ರಂಪ್ ಜುಲೈ 15ಕ್ಕೆ ಜೆ.ಡಿ. ವ್ಯಾನ್ಸ್ ಹೆಸರು ಹೇಳಿದರು, ಕಮಲಾ ಹ್ಯಾರಿಸ್ ಆಗಸ್ಟ್ 6ಕ್ಕೆ ಟಿಮ್ ವಾಲ್ಜ್ ಹೆಸರು ಹೇಳಿದರು. ಅವರು ಇದಕ್ಕೆ ಬಳಸುವ ‘ರನ್ನಿಂಗ್ ಮೇಟ್’ ಕುದುರೆ ಜೂಜಿನ ಲಾಯದಿಂದ ಬಂದದ್ದು. ಗೆಲ್ಲಬೇಕಾದ ಕುದುರೆಗೆ ವೇಗ ಹಿಡಿಸಲು ಜತೆಗೆ ಓಡಿಸುವ, ತಾನು ಗೆಲ್ಲಬಾರದ ಕುದುರೆ. ನಮ್ಮ ಪತ್ರಿಕೆಗಳು ಅದನ್ನು ‘ಉಪಾಧ್ಯಕ್ಷ ಅಭ್ಯರ್ಥಿ’ ಎಂದು ಬರೆದು ಮುಗಿಸುತ್ತವೆ. ನಮ್ಮ ಕಡೆ ಇದಕ್ಕೆ ಹತ್ತಿರದ ಮಾತು ಜೋಡೆತ್ತು. 2018ರ ಮೈತ್ರಿ ಸರ್ಕಾರದ ಕಾಲಕ್ಕೆ ಕುಮಾರಸ್ವಾಮಿ ಮತ್ತು ಡಿ.ಕೆ. ಶಿವಕುಮಾರ್ ಜೋಡೆತ್ತುಗಳಾಗಿದ್ದರು, ಮರುವರ್ಷ ಮಂಡ್ಯದಲ್ಲಿ ಸುಮಲತಾ ಪರ ತಿರುಗಿದ ಯಶ್ ಮತ್ತು ದರ್ಶನ್ ಆ ಬಿರುದನ್ನು ಕಿತ್ತುಕೊಂಡರು. ಆದರೆ ಜೋಡೆತ್ತಿನಲ್ಲಿ ಮೇಲುಕೀಳಿಲ್ಲ. ಎಡಕ್ಕೆ ಹೂಡುವುದು ಒಂದು, ಬಲಕ್ಕೆ ಹೂಡುವುದು ಇನ್ನೊಂದು, ನೊಗ ಮಾತ್ರ ಸಮ. ಒಂದು ಎತ್ತನ್ನು ಉಪಎತ್ತು ಎಂದು ಯಾವ ರೈತನೂ ಕರೆದದ್ದಿಲ್ಲ.

ಹಾಗಾಗಿ ಈ ‘ಉಪ’ವನ್ನೇ ಹಿಡಿದು ನೋಡೋಣ. ಕಚೇರಿಗಳಲ್ಲಿ ಇದರ ಅರ್ಥ ಒಂದೇ: ಒಂದು ಮೆಟ್ಟಿಲು ಕೆಳಗೆ. ಉಪನಿರ್ದೇಶಕ, ಉಪತಹಶೀಲ್ದಾರ್, ಉಪನೋಂದಣಾಧಿಕಾರಿ, ಉಪಲೋಕಾಯುಕ್ತ. ಕುರ್ಚಿಯ ಬೆನ್ನು ಗಿಡ್ಡ, ಕಾರಿನ ಮಾಡೆಲ್ ಹಳೆಯದು. ಮನೆಯೊಳಗೆ ಬಂದರೆ ಉಪಪತ್ನಿ, ಅದರ ಬಗ್ಗೆ ಹೆಚ್ಚು ಮಾತು ಬೇಡ.

ಮಠದ ಕಡೆ, ಗುರುಕುಲದ ಕಡೆ ತಿರುಗಿದರೆ ಅದೇ ಉಪ ಬೇರೆ ಮನುಷ್ಯನಾಗಿ ಎದುರಾಗುತ್ತದೆ. ಉಪನಯನ ಅಂದರೆ ಗುರುವಿನ ಹತ್ತಿರಕ್ಕೆ ಒಯ್ಯುವುದು. ಉಪವಾಸ ಅಂದರೆ ದೇವರ ಹತ್ತಿರ ವಾಸ. ಅನ್ನ ಬಿಡುವುದು ಆಮೇಲೆ ಸೇರಿಕೊಂಡದ್ದು. ಉಪನಿಷತ್ತು ಹತ್ತಿರ ಕೂತು ಕೇಳಿದ್ದು. ಉಪಾಧ್ಯಾಯರು ಯಾವ ಅಧ್ಯಾಯರಿಗೂ ಸಹಾಯಕರಲ್ಲ. ಹತ್ತಿರ ಹೋಗಿ ಯಾರಿಂದ ಕಲಿಯುತ್ತೇವೋ ಅವರು. ಅವರೇ ಬಡ್ತಿ ಪಡೆದು ಉಪಪ್ರಾಂಶುಪಾಲರಾದರೆ, ಉಪಾಧ್ಯಾಯ ಎಂಬಲ್ಲಿದ್ದ ದೊಡ್ಡ ಉಪ ಹೋಗಿ ಸಣ್ಣ ಉಪ ಬಂತು ಎಂದಾಯಿತು. ಬಡ್ತಿಗೆ ಅಭಿನಂದನೆ ಹೇಳುವವರು ಇದನ್ನು ಯೋಚಿಸುವುದಿಲ್ಲ. ಉಪಾಯವೂ ಹತ್ತಿರ ಸೇರುವ ದಾರಿಯೇ. ಉಪದ್ರವ ಹತ್ತಿರ ಬಂದ ಕಾಟ. (ಉಪ್ಪಿಟ್ಟು ಈ ವಂಶದ್ದಲ್ಲ, ಅದು ಉಪ್ಪಿನ ಮನೆತನ. ಹೋಟೆಲಿನ ಬೋರ್ಡಿನಲ್ಲಿ ‘ಉಪಹಾರ’ ಎಂದು ಬರೆದಿದ್ದರೆ ಅದು ತಿಂಡಿ ಆಗುವುದಿಲ್ಲ, ಕಾಣಿಕೆ ಆಗುತ್ತದೆ. ಆದರೂ ದುಡ್ಡು ಕೊಟ್ಟೇ ತಿನ್ನಬೇಕು.)

ಪಾಣಿನಿ ಇದನ್ನೆಲ್ಲ ಮೊದಲೇ ನೋಡಿದ್ದಾನೆ. ಒಂದೇ ಪುಟ್ಟ ಸೂತ್ರದಲ್ಲಿ ‘ಉಪ’ಕ್ಕೆ ಕಡಿಮೆ ಎಂಬ ಅರ್ಥವನ್ನೂ ಅಧಿಕ ಎಂಬ ಅರ್ಥವನ್ನೂ ಅವನು ಕೊಟ್ಟುಬಿಡುತ್ತಾನೆ. ಒಂದೇ ಮಾತು, ಕೆಳಗೂ ಹೌದು, ಮೇಲೂ ಹೌದು. ಇದನ್ನು ಓದಿದಾಗ ವ್ಯಾಕರಣ ಓದಿದ ಹಾಗಾಗಲಿಲ್ಲ, ಹೈಕಮಾಂಡ್ ಕಚೇರಿಯ ಗೋಡೆಗೆ ಕಿವಿಯಿಟ್ಟ ಹಾಗಾಯಿತು. ಪಕ್ಕದವರನ್ನು ಆರಿಸುವವರಿಗೆ ಬೇಕಾದದ್ದು ಇದೇ ಅಲ್ಲವೆ? ವೇದಿಕೆಯ ಮೇಲೆ ತನಗಿಂತ ಕಡಿಮೆ ಕಾಣುವವರು, ತನಗೇನಾದರೂ ಆದರೆ ಆ ಕ್ಷಣವೇ ತನ್ನಷ್ಟಾಗುವವರು. ಎರಡೂ ಒಬ್ಬರಲ್ಲೇ ಸಿಗಬೇಕು. ಸಿಗುವುದಿಲ್ಲ, ಹಾಗಾಗಿ ಸಾಮಾನ್ಯವಾಗಿ ಮೊದಲನೆಯದನ್ನೇ ಆರಿಸುತ್ತಾರೆ.

ಕೇರಳದ ಮಣ್ಣಿನಲ್ಲಿ ಇದಕ್ಕೊಂದು ಪುರಾಣವೇ ಇದೆ. ವಾಮನನಿಗೆ ಉಪೇಂದ್ರ ಎಂಬ ಹೆಸರು. ಅದಿತಿಯ ಮಗ, ಇಂದ್ರನ ತಮ್ಮ, ಒಂದು ಲೆಕ್ಕದಲ್ಲಿ ಉಪ ಇಂದ್ರ. ಬಲಿಯ ಕೈಯಲ್ಲಿ ಸ್ವರ್ಗ ಕಳೆದುಕೊಂಡವನು ಅಣ್ಣ. ಅದನ್ನು ಮೂರು ಹೆಜ್ಜೆಯಲ್ಲಿ ಅಳೆದು ವಾಪಸು ತಂದವನು ತಮ್ಮ. ಅಲ್ಲಿ ಓಣಂ ಹಬ್ಬದ ತಿರುವೋಣದ ದಿನ ಮಾವೇಲಿಗೆ, ಅಂದರೆ ಬಲಿಗೆ, ಹೂವಿನ ರಂಗೋಲಿ, ನಮ್ಮಲ್ಲಿ ಬಲಿಪಾಡ್ಯಮಿ. ಸೋತ ಬಲಿಗೆ ಹಬ್ಬ ಇದೆ, ಗೆದ್ದ ಉಪೇಂದ್ರನಿಗೆ ಹೆಸರಿದೆ. ಕುರ್ಚಿ ಉಳಿಸಿಕೊಂಡ ಇಂದ್ರನನ್ನು ಆ ದಿನ ಕೇಳುವವರಿಲ್ಲ. ನಮ್ಮಲ್ಲಿ ಅದೇ ಹೆಸರಿನ ನಟ 1999ರಲ್ಲಿ ತನ್ನ ಹೆಸರನ್ನೇ ಸಿನಿಮಾಕ್ಕೆ ಇಟ್ಟು ಗೆದ್ದರು. ಜನ ಅವರನ್ನು ಉಪ್ಪಿ ಮಾಡಿಕೊಂಡದ್ದರಿಂದ ಉಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ವಯನಾಡಿಗೆ ಮರಳುವಾಗ ಕಬಿನಿಯ ದಾರಿ ಹಿಡಿಯಬಹುದು. ನಮ್ಮ ಶಾಸನಗಳು ಈ ಸೀಮೆಯನ್ನು ಬಯಲ್ನಾಡು ಎಂದು ಕರೆದವು. ಬಯಲ್ನಾಡಿನ ಕದಂಬರು ಹೆಗ್ಗಡದೇವನಕೋಟೆ ಕಡೆಯ ಕಿತ್ತೂರಿನಿಂದ, ಕಬಿನಿಯ ದಂಡೆಯಿಂದಲೇ ಅದನ್ನು ಆಳಿದರು. ಪನಮರಂ ಹೊಳೆ, ಮಾನಂದವಾಡಿ ಹೊಳೆ ಕೂಡಿ ಕಬಿನಿಯಾಗಿ, ಕೇರಳದ ಹೆಚ್ಚಿನ ಹೊಳೆಗಳ ಹಾಗೆ ಪಡುವಣಕ್ಕೆ ಹೋಗದೆ ಮೂಡಣಕ್ಕೆ ತಿರುಗಿ ನಮ್ಮ ಕಡೆ ಬರುತ್ತದೆ. ಭೂಗೋಳದ ಪುಸ್ತಕದಲ್ಲಿ ಅದು ಕಾವೇರಿಯ ಉಪನದಿ. ಆದರೆ ಮುಂಗಾರು ಬಂದರೆ ಮೈಸೂರಿನ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಮೊದಲ ಸುದ್ದಿ ಉಪನದಿಯದೇ: ವಯನಾಡಿನಲ್ಲಿ ಮಳೆ, ಕಬಿನಿ ಭರ್ತಿ, ತಮಿಳುನಾಡಿಗೆ ನೀರು. ಕನ್ನಂಬಾಡಿ ಕಟ್ಟೆ ಕೊಡಗಿನ ಮೋಡಕ್ಕಾಗಿ ಬಾಯಿ ತೆರೆದು ಕೂತಿರುತ್ತದೆ. 2007ರ ಕಾವೇರಿ ನ್ಯಾಯಮಂಡಳಿಯ ತೀರ್ಪಿನಲ್ಲಿ ಕೇರಳಕ್ಕೆ ಸಿಕ್ಕ 30 ಟಿಎಂಸಿಯಲ್ಲಿ 21 ಈ ಕಬಿನಿ ಪಾತ್ರದ್ದು. ತಿರುಮಕೂಡಲಿನಲ್ಲಿ ಎರಡೂ ಕೂಡಿದ ಮೇಲೆ ಯಾವುದು ಮುಖ್ಯ, ಯಾವುದು ಉಪ ಎಂದು ನೀರು ನೋಡಿ ಹೇಳಲಾಗದು.

ಉಪಚುನಾವಣೆಯ ಮಾತೂ ಹಾಗೇ. 2024ರಲ್ಲಿ ರಾಹುಲ್ ಗಾಂಧಿ ವಯನಾಡು, ರಾಯ್‌ಬರೇಲಿ ಎರಡರಲ್ಲೂ ಗೆದ್ದು ರಾಯ್‌ಬರೇಲಿ ಇಟ್ಟುಕೊಂಡರು. ನವೆಂಬರ್ 13ರಂದು ವಯನಾಡು ಮತ್ತೆ ಬೂತಿಗೆ ಹೋಯಿತು. ಮಲಯಾಳದಲ್ಲೂ ಅದು ಉಪತಿರಞ್ಞೆಡುಪ್ಪೇ, ಉಪ ಅಲ್ಲೂ ಉಂಟು. ಜುಲೈ 30ರ ಮುಂಡಕೈ, ಚೂರಲ್‌ಮಲ ಭೂಕುಸಿತದ ಕೆಸರು ಮನಸ್ಸಿನಲ್ಲಿ ಇನ್ನೂ ಒಣಗದ ಕಾಲ. ಮತದಾನ ಏಪ್ರಿಲಿನ ಶೇಕಡಾ 73ರ ಆಸುಪಾಸಿನಿಂದ 65ರ ಆಸುಪಾಸಿಗೆ ಇಳಿಯಿತು. ಗೆಲುವಿನ ಅಂತರ ಮಾತ್ರ ಏರಿತು. ಅಣ್ಣನದು 3,64,422, ಉಪಚುನಾವಣೆಯಲ್ಲಿ ತಂಗಿ ಪ್ರಿಯಾಂಕಾ ಅವರದು 4,10,931. ಬಂದವರು ಕಡಿಮೆ, ಅಂತರ ಅಧಿಕ. ಪಾಣಿನಿಯ ಸೂತ್ರಕ್ಕೆ ಇದಕ್ಕಿಂತ ಹೊಸ ಉದಾಹರಣೆ ಬೇಕಿದ್ದರೆ ವೈಯಾಕರಣರು ಹುಡುಕಿಕೊಳ್ಳಲಿ.

ಇನ್ನು ಉಪವಾಗಿ ಕೂತವರ ಪಾಡು. ಅಮೆರಿಕದಲ್ಲಿ ಮೊದಮೊದಲು ಪಕ್ಕದವರನ್ನು ಆರಿಸುವ ತಾಪತ್ರಯವೇ ಇರಲಿಲ್ಲ, ಎರಡನೆಯವರಾಗಿ ಬಂದವರೇ ಉಪಾಧ್ಯಕ್ಷರು. 1796ರಲ್ಲಿ ಹಾಗಾಗಿ ಆ್ಯಡಮ್ಸ್ ಪಕ್ಕದಲ್ಲಿ ಅವರ ಎದುರಾಳಿ ಜೆಫರ್ಸನ್ನೇ ಬಂದು ಕೂತರು. 1804ರ ತಿದ್ದುಪಡಿ ಆ ಎರಡು ಮತಗಳನ್ನು ಬೇರೆ ಮಾಡಿತು. 1944ರಲ್ಲಿ ರೂಸ್‌ವೆಲ್ಟ್ ನಾಲ್ಕನೇ ಸಲ ನಿಂತಾಗ ಪಕ್ಷದವರು ಹೆನ್ರಿ ವಾಲೆಸ್ ಅವರನ್ನು ಬಿಟ್ಟು ಟ್ರೂಮನ್ನರನ್ನು ಹಿಡಿದರು. ಯಾರಿಗೂ ಹೆಚ್ಚು ಬೇಡವಾಗದ ಹೆಸರು ಎಂಬುದೇ ಯೋಗ್ಯತೆ. ಟ್ರೂಮನ್ ಉಪಾಧ್ಯಕ್ಷರಾದ 82 ದಿನಕ್ಕೆ ರೂಸ್‌ವೆಲ್ಟ್ ತೀರಿಕೊಂಡರು. ಅಣುಬಾಂಬಿನ ಪೂರ್ತಿ ಸಂಗತಿ ಟ್ರೂಮನ್ನರಿಗೆ ತಿಳಿದದ್ದು ಅಧ್ಯಕ್ಷರಾದ ಮೇಲೆ. ಹೆಸರಿಗೆ ಹತ್ತಿರದವರು, ಬಾಗಿಲಿನಿಂದ ಒಳಗೆ ಬಿಟ್ಟವರಿಲ್ಲ.

ನಮ್ಮ ಬಿ.ಡಿ. ಜತ್ತಿ ಇದ್ದರಲ್ಲ. ಸಾವಳಗಿಯವರು, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು, 1974ರಿಂದ ಉಪರಾಷ್ಟ್ರಪತಿ. ನಮ್ಮ ಸಂವಿಧಾನದಲ್ಲಿ ರಾಷ್ಟ್ರಪತಿಯ ಅಭ್ಯರ್ಥಿಯ ಜತೆ ಯಾರೂ ಓಡುವುದಿಲ್ಲ. ಉಪರಾಷ್ಟ್ರಪತಿಯ ಚುನಾವಣೆಯೇ ಬೇರೆ, ಮತ ಹಾಕುವವರು ಸಂಸದರು ಮಾತ್ರ. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು, ಜತ್ತಿ ಹಂಗಾಮಿ ರಾಷ್ಟ್ರಪತಿ. ಮುಂದಿನ ಐದೂವರೆ ತಿಂಗಳಿನಲ್ಲಿ ಇಂದಿರಾ ಸೋತರು, ಮೊರಾರ್ಜಿ ಬಂದರು, ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಕಾಗದ ಜತ್ತಿಯವರ ಮೇಜಿಗೆ ಬಂತು. ಸಹಿ ಹಾಕಲು ಹಿಂದೆಮುಂದೆ ನೋಡಿದರು. ದೆಹಲಿಯಲ್ಲಿ ಗಲಾಟೆಯಾಯಿತು, ಕೊನೆಗೆ ಹಾಕಿದರು. ಹಾಕಿದ್ದು ಸರಿಯೋ ತಪ್ಪೋ ಎಂಬ ವಾದ ಬೇರೆ. ಆ ಒಂದು ದಿನ ದೇಶವೆಲ್ಲ ಒಬ್ಬ ಉಪದ ಪೆನ್ನನ್ನು ಕಾದು ಕೂತಿತ್ತು. ಜುಲೈ 25ಕ್ಕೆ ಸಂಜೀವ ರೆಡ್ಡಿ ಬಂದರು, ಜತ್ತಿ ಮತ್ತೆ ಉಪಕ್ಕೆ ಮರಳಿ 1979ರವರೆಗೆ ರಾಜ್ಯಸಭೆ ನಡೆಸಿದರು. ಮೇಲೆ ಹೋಗಿ ಅದೇ ಮೆಟ್ಟಿಲಿಗೆ ಇಳಿದು ಕೂರುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಊಟಕ್ಕಿಲ್ಲದ ಉಪ್ಪಿನಕಾಯಿ ಎನ್ನುವ ನಮ್ಮ ಗಾದೆ ಉಪಾಧ್ಯಕ್ಷರಿಗೆಂದೇ ಹುಟ್ಟಿದ ಹಾಗಿದೆ. ಆದರೆ ಕೇರಳದ ಪಂಚಾಯತಿಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಉಪಾಧ್ಯಕ್ಷರೇ ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷರು, ಅದಕ್ಕೆ ಬೇರೆ ಚುನಾವಣೆಯಿಲ್ಲ. ಬಜೆಟ್ ಮಂಡಿಸುವವರು ಅವರೇ. ರಸ್ತೆಗೆಷ್ಟು, ಅಂಗನವಾಡಿಗೆಷ್ಟು, ಆನೆ ಕಂದಕಕ್ಕೆಷ್ಟು ಎಂದು ಓದುವುದು ವೈಸ್ ಪ್ರಸಿಡೆಂಟ್, ಅಧ್ಯಕ್ಷರು ಸಭೆ ನಡೆಸಬೇಕು. ಮೀಸಲಾತಿಯ ನಿಯಮ ಸೇರಿಸಿ ನೋಡಿದರೆ ಅಧ್ಯಕ್ಷ ಗಂಡಸಾದ ಬಹುತೇಕ ಕಡೆ ಲೆಕ್ಕದ ಪುಸ್ತಕ ಹೆಂಗಸಿನ ಕೈಯಲ್ಲಿ. ಮಧ್ಯಾಹ್ನ ಆರಿಸಿದವರಿಗೆ ಇಷ್ಟು ಕೊಟ್ಟಿರುವುದು ವಾಷಿಂಗ್ಟನ್ನಿನಲ್ಲೂ ಇಲ್ಲ, ಅಲ್ಲಿ ಉಪಾಧ್ಯಕ್ಷರು ಸೆನೆಟ್ಟಿನಲ್ಲಿ ಕೂತು ಮತ ಸಮವಾದಾಗ ಮಾತ್ರ ಕೈಯೆತ್ತಬೇಕು.

ಬೆಂಗಳೂರಿನಲ್ಲಂತೂ ಇಲ್ಲವೇ ಇಲ್ಲ. ಉಪಮುಖ್ಯಮಂತ್ರಿ ಎಂಬ ಹುದ್ದೆ ಸಂವಿಧಾನದಲ್ಲಿಲ್ಲ, ಕಾನೂನಿನ ಕಣ್ಣಿಗೆ ಅವರು ಬರೀ ಮಂತ್ರಿ. 1989ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ವೆಂಕಟರಾಮನ್ ಪ್ರಮಾಣವಚನದಲ್ಲಿ ‘ಮಂತ್ರಿ’ ಎಂದು ಹೇಳಿಕೊಟ್ಟರೂ ದೇವಿಲಾಲ್ ‘ಉಪಪ್ರಧಾನಮಂತ್ರಿ’ ಎಂದೇ ಓದಿದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಮಾತು ಬರೀ ವರ್ಣನೆ, ಪ್ರಮಾಣಕ್ಕೆ ಭಂಗವಿಲ್ಲ ಎಂದು ಇತ್ಯರ್ಥವಾಯಿತು. ವರ್ಣನೆಗೆ ಇಷ್ಟೊಂದು ಜಗ್ಗಾಟ! ಕೇರಳದಲ್ಲಿ ಆರ್. ಶಂಕರ್ 1962ರಲ್ಲಿ ಉಪಮುಖ್ಯಮಂತ್ರಿಯಿಂದ ಮುಖ್ಯಮಂತ್ರಿಯಾದರು. ನಮ್ಮಲ್ಲಿ ಎಸ್.ಎಂ. ಕೃಷ್ಣ, ಜೆ.ಎಚ್. ಪಟೇಲ್, ಸಿದ್ದರಾಮಯ್ಯ, ಯಡಿಯೂರಪ್ಪ ಎಲ್ಲರೂ ಉಪವಾಗಿದ್ದೇ ಮುಖ್ಯರಾದವರು. ಈ ಪಟ್ಟಿ ಬಾಯಿಪಾಠವಿರುವುದರಿಂದಲೇ ಮುಖ್ಯಮಂತ್ರಿಯಾದವರಿಗೆ ಒಬ್ಬ ಉಪಕ್ಕಿಂತ ಮೂವರು ಉಪ ವಾಸಿ ಅನಿಸುವುದು. 2019ರಲ್ಲಿ ಯಡಿಯೂರಪ್ಪನವರ ಪಕ್ಕ ಕಾರಜೋಳ, ಅಶ್ವತ್ಥನಾರಾಯಣ, ಸವದಿ ಮೂವರು. 2021ರಲ್ಲಿ ಬೊಮ್ಮಾಯಿ ಬಂದಾಗ ಒಬ್ಬರೂ ಇಲ್ಲ; ವಿಧಾನಸೌಧದ ಕಡತಗಳು ಯಾವತ್ತಿನ ವೇಗದಲ್ಲೇ ಓಡಾಡಿದವು. 2023ರ ಮೇ 18ರಂದು ಕೇರಳದವರೇ ಆದ ಕೆ.ಸಿ. ವೇಣುಗೋಪಾಲ್ ದೆಹಲಿಯಲ್ಲಿ ಮೈಕಿನ ಮುಂದೆ ನಿಂತು, ಡಿ.ಕೆ. ಶಿವಕುಮಾರ್ ಅವರೊಬ್ಬರೇ ಉಪಮುಖ್ಯಮಂತ್ರಿ ಎಂದರು. ಆ ‘ಒಬ್ಬರೇ’ ಎಂಬ ಮಾತನ್ನು ಹಾಕಿಸಿಕೊಳ್ಳಲು ಎಷ್ಟು ರಾತ್ರಿಯ ಚೌಕಾಶಿ ನಡೆದಿರಬೇಕು. ವರ್ಷ ಕಳೆಯುವುದರೊಳಗೆ ಇನ್ನೂ ಮೂವರು ಉಪ ಬೇಕೆಂಬ ಕೂಗೆದ್ದಿತು, ಕೂಗಿದವರು ಸಾಮಾಜಿಕ ನ್ಯಾಯದ ಮಾತಾಡಿದರು, ಕೇಳಿಸಿಕೊಂಡವರು ಲೆಕ್ಕ ಹಾಕಿದರು.