ತಿರುವಾಂಕೂರು ಸೀಮೆಯ ಬಾಯಿಪರೀಕ್ಷೆಯ ಚರಿತ್ರೆ

ಭರತಖಂಡದಲ್ಲಿ ತಾಂಬೂಲವು ಮಂಗಳಕಾರ್ಯಗಳ ಚಿಹ್ನೆಯಾಗಿಯೂ ಅತಿಥಿಸತ್ಕಾರದ ಅಂಗವಾಗಿಯೂ ಬಹುಕಾಲದಿಂದ ನಡೆದುಬಂದಿರುವುದು ಸರ್ವವಿದಿತವಷ್ಟೆ. ಎಲೆ, ಅಡಕೆ, ಸುಣ್ಣಗಳೊಡನೆ ಹೊಗೆಸೊಪ್ಪು ಸೇರಿದುದಾದರೋ ಪೋರ್ತುಗೀಜರು ಈ ದೇಶಕ್ಕೆ ಬಂದ ತರುವಾಯ. ತಡವಾಗಿ ಬಂದ ಈ ಅತಿಥಿಯು ಮನೆಯ ಹಿರಿಯನಂತೆ ಕುಳಿತುಬಿಟ್ಟಿತು.

ಈಗ ತಮಿಳುನಾಡಿಗೆ ಸೇರಿರುವ ನೆಯ್ಯೂರು ಅಂದು ದಕ್ಷಿಣ ತಿರುವಾಂಕೂರಿನಲ್ಲಿದ್ದಿತು. ಅಲ್ಲಿಯ ಮಿಶನ್ ಆಸ್ಪತ್ರೆಯ ಡಾಕ್ಟರ್ ಐ. ಎಂ. ಆರ್ ಎಂಬವರು, ತಾಂಬೂಲವನ್ನು ಮೆಲ್ಲುವವರ ಬಾಯಲ್ಲಿ ಉಂಟಾಗುವ ಅರ್ಬುದರೋಗವನ್ನು ಕುರಿತು ೧೯೩೩ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಹೊಗೆಸೊಪ್ಪಿನ ಮೇಲೆ ದೋಷವನ್ನು ಹೊರಿಸಿದರು. ಲೋಕದ ತಜ್ಞರ ಮಂಡಲಿಯು ಹೊಗೆಸೊಪ್ಪು ಬೆರೆತ ತಾಂಬೂಲವನ್ನು ಅರ್ಬುದಕಾರಿಯೆಂದು ಸಾರಿದುದು ೧೯೮೫ರಲ್ಲಿ. ೨೦೦೪ರಲ್ಲಿ ಪ್ರಕಟವಾದ ಮತ್ತೊಂದು ನಿರ್ಣಯವು ಬರಿಯ ಅಡಕೆಗೂ ಅದೇ ದೋಷವುಂಟೆಂದಿತು. ಅಡಕೆಯ ತೋಟಗಳಿಂದ ಬಾಳುವ ಮಲೆನಾಡಿಗೆ ಇದು ಕಹಿಯಾದ ಮಾತೇ ಸರಿ.

ಆದರೆ ಈ ರೋಗದಲ್ಲಿ ಒಂದು ವಿಶೇಷವಿರುವುದು. ಉದರದೊಳಗಿನ ಗಂಟನ್ನು ಬರಿಗಣ್ಣಿನಿಂದ ಕಾಣಲಾಗದು. ಬಾಯೊಳಗಿನ ಕೇಡು ತೆರೆದು ನೋಡಿದವರಿಗೆ ಕಾಣುವುದು. ಕೆನ್ನೆಯ ಒಳಮೈಯಲ್ಲಿ ಬಿಳಿಯ ಮಚ್ಚೆ, ನಾಲಗೆಯ ಅಂಚಿನಲ್ಲಿ ಕೆಂಪು ಮಚ್ಚೆ, ವಾರಗಳು ಕಳೆದರೂ ಮಾಯದ ಹುಣ್ಣು, ದಿನೇ ದಿನೇ ಕುಗ್ಗುವ ಬಾಯ ಅಗಲ, ಇವು ಅನೇಕ ವೇಳೆ ಅರ್ಬುದಕ್ಕಿಂತ ಮುಂಚೆಯೇ ಕಾಣಿಸಿಕೊಳ್ಳುವ ಗುರುತುಗಳು. ನೋಡುವುದಕ್ಕೆ ಬೇಕಾದುದು ಬೆಳಕು, ಶಿಕ್ಷಿತವಾದ ಕಣ್ಣು, ಕೆಲವೇ ನಿಮಿಷಗಳ ತಾಳ್ಮೆ. ಹಾಗಾದರೆ ವೈದ್ಯನೇ ಏಕೆ ನೋಡಬೇಕು? ಹಳ್ಳಿಯ ಆರೋಗ್ಯ ಕಾರ್ಯಕರ್ತರೂ ಈ ಗುರುತುಗಳನ್ನು ಕಂಡುಹಿಡಿಯಬಲ್ಲರೆಂಬುದನ್ನು ೧೯೮೪ರಲ್ಲಿ ಪ್ರಕಟವಾದ ಸಿಂಹಳದ್ವೀಪದ ಪರಿಶೀಲನೆಯೊಂದು ತೋರಿಸಿತು.

ಹೀಗೆ ನೋಡಿದುದರಿಂದ ಪ್ರಾಣವು ಉಳಿಯುವುದೋ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಿದುದು ಪುನಃ ಅದೇ ಸೀಮೆಯಲ್ಲಿ. ೧೯೯೬ರಲ್ಲಿ ತಿರುವನಂತಪುರ ಜಿಲ್ಲೆಯ ೧೩ ಪಂಚಾಯಿತಿಗಳನ್ನು ಆರಿಸಿ, ೭ರಲ್ಲಿ ಪರೀಕ್ಷೆಯನ್ನು ನಡೆಸಿ, ೬ನ್ನು ಹೋಲಿಕೆಗಾಗಿ ಇರಿಸಿಕೊಂಡರು. ೩೫ ವರ್ಷಕ್ಕೆ ಮೇಲ್ಪಟ್ಟ ೧,೯೧,೮೭೩ ಜನರು ಇದರಲ್ಲಿ ಸೇರಿದ್ದರು. ವೈದ್ಯರಲ್ಲದ ಪದವೀಧರರು ಮನೆಮನೆಗೆ ಹೋಗಿ ಬಾಯಿಯನ್ನು ನೋಡಿದರು. ಮೂರು ವರ್ಷಗಳಿಗೊಮ್ಮೆ ಮರಳಿ ಬಂದರು. ೨೦೦೫ರಲ್ಲಿ ಫಲಿತಾಂಶವು ಹೊರಬಿದ್ದಿತು. ಹೊಗೆಸೊಪ್ಪನ್ನಾಗಲಿ ಮದ್ಯವನ್ನಾಗಲಿ ಸೇವಿಸುವವರಲ್ಲಿ ಬಾಯ ಅರ್ಬುದದ ಮರಣಗಳು ಶೇಕಡ ೩೪ರಷ್ಟು ಕಡಮೆಯಾಗಿದ್ದುವು. ಎಲ್ಲ ಜನರನ್ನೂ ಕೂಡಿಸಿ ನೋಡಿದಾಗ ಮಾತ್ರ ವ್ಯತ್ಯಾಸವು ನಿಸ್ಸಂದೇಹವಾಗಿ ಸಿದ್ಧವಾಗಲಿಲ್ಲ. ಇದನ್ನು ಮರೆಮಾಡುವುದು ನ್ಯಾಯವಲ್ಲ. ಹದಿನೈದು ವರ್ಷಗಳ ಲೆಕ್ಕವು ೨೦೧೩ರಲ್ಲಿ ಬಂದಾಗ, ವ್ಯಸನಿಗಳಲ್ಲಿ ನಾಲ್ಕು ಸುತ್ತುಗಳಲ್ಲಿಯೂ ಬಾಯಿ ತೋರಿಸಿದವರ ಮರಣಗಳು ಶೇಕಡ ೮೧ರಷ್ಟು ಇಳಿದಿದ್ದುವೆಂದು ಕಂಡಿತು. ನಾಲ್ಕು ಸಲವೂ ತಪ್ಪದೆ ಬರುವವನು ಸ್ವಭಾವತಃ ಎಚ್ಚರಿಕೆಯುಳ್ಳವನೆಂಬುದನ್ನೂ ಇಲ್ಲಿ ಎಣಿಸಬೇಕು.

ಈ ಚರಿತ್ರೆಯಲ್ಲಿ ಮನಸ್ಸನ್ನು ಕಲಕುವ ಅಂಕಿಯು ಬೇರೊಂದಿರುವುದು. ಆ ಮೂರು ಸುತ್ತುಗಳಲ್ಲಿ ಗುರುತುಗಳು ಕಂಡುಬಂದವರು ೫,೧೪೫ ಮಂದಿ. ಕಳುಹಿಸಿದಲ್ಲಿಗೆ ಹೋಗಿ ವೈದ್ಯರಿಗೆ ತೋರಿಸಿಕೊಂಡವರು ೩,೨೧೮. ಉಳಿದ ೧,೯೨೭ ಮಂದಿ ಮನೆಯ ಬಾಗಿಲಲ್ಲಿಯೇ ಎಚ್ಚರಿಕೆಯನ್ನು ಕೇಳಿಯೂ ಹೋಗಲಿಲ್ಲ. ಸಿಂಹಳದಲ್ಲಿಯೂ ಹೀಗೆಯೇ ಅನೇಕರು ಹಿಂದುಳಿದಿದ್ದರು. ಮೊದಲಲ್ಲಿ ಈ ಮಚ್ಚೆಗಳು ಸಾಮಾನ್ಯವಾಗಿ ನೋಯುವುದಿಲ್ಲ. ನೋಯದುದಕ್ಕಾಗಿ ಒಂದು ದಿನದ ಕೂಲಿಯನ್ನು ಬಿಟ್ಟು ಪಟ್ಟಣಕ್ಕೆ ಹೋಗೆಂದರೆ ಬಡವನಿಗೆ ಸುಲಭವೇ?

೨೦೧೬ರಲ್ಲಿ ಭಾರತ ಸರ್ಕಾರವು ೩೦ರಿಂದ ೬೫ ವರ್ಷದವರೆಗಿನವರೆಲ್ಲರ ಬಾಯಿಯನ್ನು ಐದು ವರ್ಷಗಳಿಗೊಮ್ಮೆ ಪರೀಕ್ಷಿಸಬೇಕೆಂದು ಕ್ರಮವನ್ನು ಗೊತ್ತುಮಾಡಿತು. ಆಶಾ ಕಾರ್ಯಕರ್ತೆಯು ಮನೆಗೆ ಬಂದು ಹೊಗೆಸೊಪ್ಪಿನ ಅಭ್ಯಾಸವನ್ನು ವಿಚಾರಿಸಿ ಬರೆದುಕೊಳ್ಳುವಳು. ಉಪಕೇಂದ್ರದಲ್ಲಿ ಬಾಯನ್ನು ತೆರೆಸಿ ನೋಡುವರು. ಸಂಶಯವಿದ್ದವರನ್ನು ವೈದ್ಯರಲ್ಲಿಗೂ ದಂತವೈದ್ಯರಲ್ಲಿಗೂ ಕಳುಹಿಸುವರು. ಆ ೧,೯೨೭ ಮಂದಿ ನಿಂತುಹೋದುದು ಈ ಕಡೆಯ ಮೆಟ್ಟಲಿನಲ್ಲಿಯೇ.